ಕ್ರಿಸ್ಟೀನಾ ನೆಯಾಗು: ಒಂದೇ ಹೆಗಲ ಮೇಲೆ ಇಡೀ ತಂಡ

ವರ್ಷದ ವಿಶ್ವಶ್ರೇಷ್ಠ ಹ್ಯಾಂಡ್‌ಬಾಲ್ ಆಟಗಾರ್ತಿ ಎಂಬ ಗೌರವ ರೊಮೇನಿಯಾದ ಕ್ರಿಸ್ಟೀನಾ ನೆಯಾಗುಗೆ ನಾಲ್ಕು ಸಲ ಸಂದಿದೆ: 2010, 2015, 2016 ಮತ್ತು 2018. ಪುರುಷರಲ್ಲಿ ದಿಗ್ಗಜರೆನಿಸಿದ ಫ್ರಾನ್ಸಿನ ನಿಕೊಲಾ ಕರಬಾಟಿಚ್, ಡೆನ್ಮಾರ್ಕಿನ ಮಿಕೆಲ್ ಹಾನ್ಸೆನ್ ಇಬ್ಬರಿಗೂ ಅದು ದಕ್ಕಿದ್ದು ಮೂರು ಸಲವಷ್ಟೆ. ಹಾಗಿದ್ದೂ ನೆಯಾಗು ಬಳಿ ಒಲಿಂಪಿಕ್ ಪದಕವಿಲ್ಲ, ವಿಶ್ವಕಪ್ ಗೆದ್ದ ತಂಡದಲ್ಲಿ ಆಕೆ ಎಂದೂ ಇರಲಿಲ್ಲ. ಇಷ್ಟು ದೊಡ್ಡ ಆಟಗಾರ್ತಿಗೆ ಇಷ್ಟು ಸಣ್ಣ ಪದಕಪಟ್ಟಿ ಏಕೆ ಎಂಬ ಪ್ರಶ್ನೆಗೆ ‘ದುರದೃಷ್ಟ’ ಎಂದು ಉತ್ತರಿಸಿ ಕೈತೊಳೆದುಕೊಳ್ಳುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ.

ಮೊದಲು ಆಟವನ್ನೇ ನೋಡೋಣ. ಆಕೆ ಆಡುತ್ತಿದ್ದದ್ದು ಲೆಫ್ಟ್ ಬ್ಯಾಕ್ ಸ್ಥಾನದಲ್ಲಿ, ಅಂದರೆ ದಾಳಿಯಲ್ಲಿ ಎಡಬದಿಯಿಂದ, ದೂರದಿಂದ ಹೊಡೆಯುವ ಜಾಗದಲ್ಲಿ. ಗೋಲಿನ ಮುಂದೆ ಆರು ಮೀಟರ್ ಗೆರೆ. ಅದರ ಒಳಗೆ ಗೋಲ್‌ಕೀಪರ್‌ಗೆ ಮಾತ್ರ ಜಾಗ. ಗೆರೆಯಾಚೆ ಕೈಯೆತ್ತಿ ನಿಂತ ರಕ್ಷಕಿಯರ ಗೋಡೆ. ಚೆಂಡು ಹಿಡಿದು ಮೂರೇ ಹೆಜ್ಜೆ ಇಡಬಹುದು, ಮೂರೇ ಸೆಕೆಂಡ್ ಇಟ್ಟುಕೊಳ್ಳಬಹುದು. ಎಲ್ಲ ಲೆಫ್ಟ್ ಬ್ಯಾಕ್‌ಗಳೂ ಒಂಬತ್ತು ಮೀಟರಿನಾಚೆಯಿಂದ ಎಗರಿ ಗೋಡೆಯ ಮೇಲಿಂದ ಹೊಡೆಯಬಲ್ಲರು. ನೆಯಾಗು ಎಗರಿದ ಮೇಲೂ ತೀರ್ಮಾನವನ್ನು ತಡೆಹಿಡಿಯುತ್ತಿದ್ದಳು. ಗೋಲ್‌ಕೀಪರ್ ಆಕೆಯ ತೋಳನ್ನು ನೋಡಿ ಒಂದು ಮೂಲೆಗೆ ವಾಲುವವರೆಗೂ ಕಾಯ್ದು, ಮಣಿಕಟ್ಟು ತಿರುಗಿಸಿ ಚೆಂಡನ್ನು ಇನ್ನೊಂದು ಮೂಲೆಗೆ ಕಳಿಸುತ್ತಿದ್ದಳು. ಎಗರಲು ಜಾಗ ಸಿಗದಿದ್ದರೆ ನಿಂತಲ್ಲೇ ಬಗ್ಗಿ, ಎದುರಾಳಿಯ ಸೊಂಟದ ಪಕ್ಕದಿಂದ ಚೆಂಡು ತೂರಿಸುತ್ತಿದ್ದಳು. ಅಷ್ಟು ಕೆಳಗಿಂದ ಬರುವ ಚೆಂಡು ರಕ್ಷಕಿಯ ಮೈಮರೆಯಲ್ಲೇ ಸಾಗುವುದರಿಂದ ಗೋಲ್‌ಕೀಪರ್‌ಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಚಾಂಪಿಯನ್ಸ್ ಲೀಗ್‌ನಲ್ಲಿ (ಯುರೋಪಿನ ಕ್ಲಬ್ಬುಗಳ ಟೂರ್ನಿ) ಆಕೆಯ ಸಾವಿರಕ್ಕೂ ಮಿಕ್ಕಿದ ಗೋಲುಗಳು ಬರೀ ತೋಳ್ಬಲದಿಂದ ಬಂದವಲ್ಲ.

ಇನ್ನು ಗಾಯಗಳು. 2011ರಲ್ಲಿ ಭುಜ, 2013ರಲ್ಲಿ ಮೊಣಕಾಲು, 2018ರ ಡಿಸೆಂಬರಿನಲ್ಲಿ ಮತ್ತೆ ಮೊಣಕಾಲು. ಎಸೆಯುವುದನ್ನೇ ನಂಬಿದವಳಿಗೆ ಭುಜ ಕೈಕೊಟ್ಟರೆ ಉಳಿಯುವುದೇನು? ಆದರೂ ಪ್ರತಿ ಸಲ ಮರಳಿದಳು. ಮರಳಿದ್ದಕ್ಕಿಂತ ಮುಖ್ಯ, ಬದಲಾಗಿ ಮರಳಿದಳು. ಕೊನೆಯ ವರ್ಷಗಳ ಪಂದ್ಯಗಳಲ್ಲಿ ಎಗರುವುದು ಕಡಿಮೆ, ಗೆರೆಯ ಬಳಿ ನಿಂತ ಪಿವಟ್‌ಗೆ ರಕ್ಷಕಿಯರ ಕೈಗಳ ಸಂದಿಯಿಂದ ಚೆಂಡು ದಾಟಿಸುವುದು ಹೆಚ್ಚು. ಇಪ್ಪತ್ತೆರಡರ ನೆಯಾಗುಗಿಂತ ಈ ನೆಯಾಗುವೇ ನನಗೆ ಹೆಚ್ಚು ಇಷ್ಟ.

ಕ್ಲಬ್ ಬದುಕೂ ಸಲೀಸಾಗಿರಲಿಲ್ಲ. ರೊಮೇನಿಯಾದ ಒಲ್ಟ್‌ಕಿಮ್ ಕ್ಲಬ್ಬಿನ ಪರವಾಗಿ 2010ರ ಚಾಂಪಿಯನ್ಸ್ ಲೀಗ್ ಫೈನಲ್ ಆಡಿ ಡೆನ್ಮಾರ್ಕಿನ ವಿಬೋರ್ಗ್‌ಗೆ ಸೋತಳು. ಕ್ಲಬ್ಬನ್ನು ಸಾಕುತ್ತಿದ್ದ ರಾಸಾಯನಿಕ ಕಾರ್ಖಾನೆಯೇ ದಿವಾಳಿಯ ಅಂಚಿಗೆ ಬಂದಾಗ ಮಾಂಟೆನೆಗ್ರೊದ ಬುದುಚ್‌ನೊಸ್ಟ್ ಸೇರಿದಳು. ಅಲ್ಲಿ 2015ರಲ್ಲಿ ನಾರ್ವೆಯ ಲಾರ್ವಿಕ್ ಅನ್ನು 26–22ರಿಂದ ಮಣಿಸಿ ಯುರೋಪಿನ ಕಿರೀಟ ಗೆದ್ದಳು. 2017ರಲ್ಲಿ ತವರಿನ ಸಿಎಸ್‌ಎಂ ಬುಕಾರೆಸ್ಟ್‌ಗೆ ಬಂದಳು. ಆ ಕ್ಲಬ್ ಚಾಂಪಿಯನ್ಸ್ ಲೀಗ್ ಗೆದ್ದದ್ದು 2016ರಲ್ಲಿ, ಅಂದರೆ ಆಕೆ ಬರುವ ಮುಂಚೆಯೇ. ಆಕೆ ಬಂದ ಮೇಲೆ ಗೆಲ್ಲಲಿಲ್ಲ. ಒಬ್ಬ ತಾರೆಯನ್ನು ತಂದರೆ ಕಪ್ಪೂ ಬರುತ್ತದೆಂದು ಎಣಿಸುವವರು ಇದನ್ನು ಗಮನಿಸಬೇಕು.

ಅಸಲು ಪ್ರಶ್ನೆ ಇರುವುದು ರಾಷ್ಟ್ರೀಯ ತಂಡದಲ್ಲಿ. 2010ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 53 ಗೋಲು ಹೊಡೆದು ಅಗ್ರಸ್ಥಾನದಲ್ಲಿದ್ದಳು, ರೊಮೇನಿಯಾಕ್ಕೆ ಕಂಚು. 2015ರ ವಿಶ್ವಕಪ್‌ನಲ್ಲಿ ಸೆಮಿಫೈನಲ್ಲಿನ ಹೆಚ್ಚುವರಿ ಸಮಯದಲ್ಲಿ ನಾರ್ವೆಗೆ 33–35ರಿಂದ ಸೋತು ಮತ್ತೆ ಕಂಚು. ಮೂರು ವರ್ಷದ ಬಳಿಕ ಫ್ರಾನ್ಸಿನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ರೊಮೇನಿಯಾ ಹಾಲಿ ಚಾಂಪಿಯನ್ ನಾರ್ವೆಯನ್ನೇ ಬಗ್ಗುಬಡಿಯಿತು. ಈ ಸಲ ಫೈನಲ್ ಖಂಡಿತ ಅನ್ನಿಸುತ್ತಿದ್ದಾಗ ಹಂಗರಿ ವಿರುದ್ಧದ ಪಂದ್ಯದಲ್ಲಿ ನೆಯಾಗು ಮೊಣಕಾಲು ಹಿಡಿದು ಕುಸಿದಳು. ಆಮೇಲಿನ ಎರಡು ಪಂದ್ಯಗಳ ಲೆಕ್ಕ ನೋಡಿ: ಸೆಮಿಫೈನಲ್‌ನಲ್ಲಿ ರಷ್ಯಾ ಎದುರು 22 ಗೋಲು, ಕಂಚಿನ ಪಂದ್ಯದಲ್ಲಿ ನೆದರ್ಲೆಂಡ್ಸ್ ಎದುರು 20. ಎರಡರಲ್ಲೂ ಸೋಲು, ನಾಲ್ಕನೇ ಸ್ಥಾನ.

ಗಾಯವಾದದ್ದು ದುರದೃಷ್ಟವೇ ಸರಿ. ಅದರ ಮರುಕ್ಷಣ ದಾಳಿ ಮಾಡುವುದನ್ನೇ ಮರೆತಂತೆ ತಂಡ ನಿಂತದ್ದು ದುರದೃಷ್ಟವಲ್ಲ. ವರ್ಷಗಟ್ಟಲೆ ‘ಕಷ್ಟ ಬಂದರೆ ಚೆಂಡು ಎಂಟನೇ ನಂಬರಿಗೆ’ (ಅಂದರೆ ನೆಯಾಗುಗೆ) ಎಂದು ಆಡಿಸಿದ್ದರ ಫಲ. ಅದೇ ಕಾಲದಲ್ಲಿ ನಾರ್ವೆ ಹೇಗೆ ಆಡುತ್ತಿತ್ತು? ಒಬ್ಬಳು ಬೆಂಚಿಗೆ ಹೋದರೆ ಅದೇ ಓಟ, ಅದೇ ವೇಗ ಬೇರೊಬ್ಬಳ ಕಾಲಲ್ಲಿ ಮುಂದುವರಿಯುತ್ತಿತ್ತು. ನೆಯಾಗು ಮೇಲೆಯೂ ಒಂದು ಆಕ್ಷೇಪ ಹೊರಿಸಬಹುದು: ಬಿಗಿಯಾದ ಪಂದ್ಯಗಳ ಕೊನೆಯ ನಿಮಿಷಗಳಲ್ಲಿ ದಾಟಿಸಬಹುದಾದ ಚೆಂಡನ್ನು ತಾನೇ ಹೊಡೆಯುವ ಹಟ ಆಕೆಗಿತ್ತು. ಆದರೆ ಆ ಹಟವನ್ನು ಬೆಳೆಸಿದವರು ಕೋಚುಗಳು, ಚಪ್ಪಾಳೆ ತಟ್ಟಿದವರು ಪ್ರೇಕ್ಷಕರು.

ನನ್ನ ತೀರ್ಪು ಇಷ್ಟು: ತನ್ನ ತಲೆಮಾರಿನ ಲೆಫ್ಟ್ ಬ್ಯಾಕ್‌ಗಳಲ್ಲಿ ನೆಯಾಗುಗೆ ಸರಿಸಾಟಿ ಇಲ್ಲ, ಮತ್ತು ಆಕೆಗೆ ಸಿಗದ ಚಿನ್ನದ ಹೊಣೆ ಆಕೆಗಿಂತ ಹೆಚ್ಚು ರೊಮೇನಿಯಾದ ಹ್ಯಾಂಡ್‌ಬಾಲ್ ವ್ಯವಸ್ಥೆಯದು.