ಮೆಲ್ಲನೆ ಹತ್ತುವ ಗಾಡಿ

ಮೋಟಾರು ಸೈಕಲ್ಲಿನ ಕ್ರೀಡೆಗಳಲ್ಲಿ ವೇಗವನ್ನು ಲೆಕ್ಕಕ್ಕೇ ಹಿಡಿಯದ ಪ್ರಕಾರವೊಂದುಂಟು. ಟ್ರಯಲ್ಸ್ ಎಂದು ಅದರ ಹೆಸರು. ಬಂಡೆ, ಹಳ್ಳ, ಮರದ ಬೇರು, ಜಾರುವ ಕೆಸರು ಇವುಗಳ ಮೇಲೆ ಸವಾರನು ಕಾಲನ್ನು ನೆಲಕ್ಕೆ ಊರದೆ ಹಾದುಹೋಗಬೇಕು. ಒಮ್ಮೆ ಊರಿದರೆ ಒಂದು ದೋಷಾಂಕ, ಎರಡು ಬಾರಿಗೆ ಎರಡು, ಅದಕ್ಕೆ ಮೇಲ್ಪಟ್ಟು ಎಷ್ಟು ಬಾರಿಯಾದರೂ ಮೂರು, ಬಿದ್ದರೆ ಐದು. 1909ರಲ್ಲಿ ಸ್ಕಾಟ್ಲೆಂಡಿನಲ್ಲಿ ಮೊದಲಾಗಿ ಇಂದಿಗೂ ನಡೆದುಬಂದಿರುವ ಆರು ದಿನಗಳ ಸ್ಪರ್ಧೆ ಇದರ ತವರೆನ್ನಬಹುದು. ಅಲ್ಲಿ ಬಹುಕಾಲ ಮೆರೆದುದು ನಾಲ್ಕು ಸ್ಟ್ರೋಕಿನ ಭಾರಿ ಯಂತ್ರಗಳು. ಅವುಗಳಲ್ಲೊಂದಾದ ಏರಿಯಲ್ಲನ್ನು ಏರಿ ಹೆಸರು ಮಾಡಿದ್ದ ಸ್ಯಾಮಿ ಮಿಲ್ಲರನು 1965ರಲ್ಲಿ ಎರಡು ಸ್ಟ್ರೋಕಿನ ಸ್ಪ್ಯಾನಿಷ್ ಬುಲ್ಟಾಕೊ ಮೇಲೆ ಗೆದ್ದಂದಿನಿಂದ ಆ ಯುಗ ಮುಗಿಯಿತೆಂದು ಎಲ್ಲರೂ ನಂಬಿದರು. ಆದರೂ ಹೋಂಡಾ ಕಂಪೆನಿಯು 1973ರ ಸುಮಾರಿಗೆ ಟಿ.ಎಲ್. 125 ಎಂಬ ಸಣ್ಣ ನಾಲ್ಕು ಸ್ಟ್ರೋಕಿನ ಟ್ರಯಲ್ಸ್ ಗಾಡಿಯನ್ನು ಮಾರುಕಟ್ಟೆಗೆ ತಂದಿತು. 1982ರಿಂದ ಮೂರು ವರ್ಷ ಎಡ್ಡಿ ಲೆಜನ್ ಹೋಂಡಾದ ನಾಲ್ಕು ಸ್ಟ್ರೋಕಿನ ಮೇಲೆಯೇ ವಿಶ್ವವಿಜೇತನಾದನು.

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ಈ ಕ್ರೀಡೆಯ ಹೆಸರನ್ನು ಕೇಳಿದವರೇ ವಿರಳ. ಆದರೆ ಹಂಗಳದಾಚೆ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಹೊಲದಿಂದ ಚೆಂಡುಹೂವಿನ ಮೂಟೆಯನ್ನೋ, ಬಿಳಿಗಿರಿರಂಗನ ಬೆಟ್ಟದ ಮಗ್ಗುಲಿನ ಊರಿಂದ ಹಾಲಿನ ಕ್ಯಾನನ್ನೋ ಹಿಂದೆ ಕಟ್ಟಿಕೊಂಡು, ಮಳೆ ಕೊರೆದ ಬಂಡಿಜಾಡಿನಲ್ಲಿ ಮೊದಲ ಗೇರಿನಲ್ಲೇ ಏರಿಬರುವ ರೈತನು ಅನುದಿನವೂ ಎದುರಿಸುವ ಸಮಸ್ಯೆಯು ಆ ಸ್ಪರ್ಧಿಯ ಸಮಸ್ಯೆಯ ಸೋದರಸಂಬಂಧಿಯೇ ಆಗಿದೆ. ಆತನ ಗಾಡಿ ಬಹುಮಟ್ಟಿಗೆ ನೂರು ಸಿ.ಸಿ.ಯ ಸ್ಪ್ಲೆಂಡರ್ ಅಥವಾ ಅದರ ಪೂರ್ವಜನಾದ ಹೀರೋ ಹೋಂಡಾ ಸಿ.ಡಿ. 100. ಪೇಟೆಯ ಸಪಾಟು ರಸ್ತೆಗೆಂದು ಹುಟ್ಟಿದ ಈ ಗಾಡಿಯನ್ನು ಗುಡ್ಡಕ್ಕೆ ಒಗ್ಗಿಸಿಕೊಳ್ಳಲು ನಮ್ಮ ಗ್ಯಾರೇಜುಗಳಲ್ಲಿ ನಡೆಯುತ್ತಿರುವ ಮಾರ್ಪಾಟಿನ ಕಸುಬಿಗೂ, ಹಾಗೆ ಒಗ್ಗಿದುದನ್ನು ಕೆಡದಂತೆ ಕಾಯುವ ಕಸುಬಿಗೂ ಟ್ರಯಲ್ಸಿನ ಒರೆಗಲ್ಲನ್ನು ಹಿಡಿದು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಯಂತ್ರದ ಗುಣವನ್ನು ಹೇಳತಕ್ಕದ್ದು. 1985ರಲ್ಲಿ ಸಿ.ಡಿ. 100ರೊಡನೆ ನಮ್ಮ ದೇಶಕ್ಕೆ ಬಂದ ಈ ಇಂಜಿನ್ 1958ರ ಹೋಂಡಾ ಸೂಪರ್ ಕಬ್ ಗಾಡಿಯ ವಂಶದ್ದು. 50 ಮಿಲಿಮೀಟರ್ ಬೋರು, 49.5 ಮಿಲಿಮೀಟರ್ ಸ್ಟ್ರೋಕು, ಒಟ್ಟು 97.2 ಸಿ.ಸಿ. ಇದರ ಸಿಲಿಂಡರು ನೆಟ್ಟಗೆ ನಿಂತಿಲ್ಲ, ಮುಂದಿನ ಚಕ್ರದತ್ತ ಹೆಚ್ಚುಕಡಿಮೆ ಮಲಗಿದೆ. ಈ ಶಯನದಿಂದ ಭಾರವೆಲ್ಲ ಕೆಳಗಿಳಿದು ನಿಧಾನಗತಿಯಲ್ಲಿ ತೋಲನ ಸುಲಭವಾಗುವುದೆಂಬುದು ಒಂದು ಲಾಭ. ಮುಂದಿನ ಚಕ್ರ ಎರಚುವ ಕೆಸರು ನೇರವಾಗಿ ಹೆಡ್ಡಿನ ಮೇಲೂ ಪ್ಲಗ್ಗಿನ ಮೇಲೂ ಬೀಳುವುದು, ಇಂಜಿನ್ನಿನ ಅಡಿಯಲ್ಲಿ ಹಾಯುವ ಸೈಲೆನ್ಸರಿನ ಕೊಳವೆ ಬಂಡೆಗೆ ತಗಲುವುದು ನಷ್ಟ. ಅಲ್ಲದೆ ನಾಲ್ಕು ಸ್ಟ್ರೋಕಿನ ಇಂಜಿನ್ನು ಎರಡು ಸುತ್ತಿಗೊಮ್ಮೆ ಮಾತ್ರ ಸಿಡಿಯುವುದರಿಂದ, ಒಂದು ತಳ್ಳುವಿಕೆಗೂ ಇನ್ನೊಂದಕ್ಕೂ ನಡುವೆ ಜಾರಿದ ಟೈರು ಮತ್ತೆ ಮಣ್ಣನ್ನು ಕಚ್ಚಿಕೊಳ್ಳಲು ಅವಕಾಶ ದೊರೆಯುತ್ತದೆಂಬುದು ಹಳೆಯ ಟ್ರಯಲ್ಸ್ ಸವಾರರ ದೃಢವಾದ ನಂಬಿಕೆ. ಕಾಡಂಚಿನ ಕೆಂಪು ಕೆಸರಿನಲ್ಲಿ ಈ ಗಾಡಿಗಳು ಏರುವ ಬಗೆಯನ್ನು ಕಂಡ ಮೇಲೆ ನನಗೂ ಅದನ್ನು ಅಲ್ಲಗಳೆಯುವ ಮನಸ್ಸಾಗುವುದಿಲ್ಲ.

ನಮ್ಮ ಗ್ಯಾರೇಜುಗಳ ಮಾರ್ಪಾಟುಗಳಲ್ಲಿ ಸರ್ವಥಾ ಮೆಚ್ಚತಕ್ಕದ್ದು ಒಂದೇ: ಮುಂದಿನ ಸ್ಪ್ರಾಕೆಟ್ಟಿನ ಬದಲಾವಣೆ. ಹದಿನಾಲ್ಕು ಹಲ್ಲಿನದನ್ನು ತೆಗೆದು ಹದಿಮೂರು ಹಲ್ಲಿನದನ್ನು ಕೂರಿಸಿದರೆ ಹಿಂದಿನ ಚಕ್ರಕ್ಕೆ ಎಳೆತವು ನೂರಕ್ಕೆ ಏಳೂಮುಕ್ಕಾಲರಷ್ಟು ಹೆಚ್ಚುತ್ತದೆ, ಅದೇ ಸುತ್ತಿಗೆ ಗಾಡಿಯ ವೇಗ ನೂರಕ್ಕೆ ಏಳರಷ್ಟು ತಗ್ಗುತ್ತದೆ. ಮೈಸೂರಿನ ಹೆದ್ದಾರಿಯಲ್ಲಿ ಇದು ಸವಾರನಿಗೆ ಬೇಸರ ತರಬಹುದು. ಮೂಟೆ ಹೊತ್ತು ಏರುವ ಜಾಡಿನಲ್ಲಿ ಅದೇ ವರವಾಗುತ್ತದೆ, ಏಕೆಂದರೆ ಕ್ಲಚ್ಚನ್ನು ಅರ್ಧ ಹಿಡಿದು ಪ್ಲೇಟುಗಳನ್ನು ಸುಡುವ ಅವಶ್ಯಕತೆ ಅಷ್ಟರಮಟ್ಟಿಗೆ ಕಡಮೆಯಾಗುತ್ತದೆ. ಸ್ಪೀಡೋಮೀಟರಿನ ಕೇಬಲ್ಲು ಮುಂದಿನ ಚಕ್ರದಿಂದ ಬರುವುದಾದ್ದರಿಂದ ಅದರ ಲೆಕ್ಕವೂ ತಪ್ಪುವುದಿಲ್ಲ. ಹಿಂದಿನ ಸ್ಪ್ರಾಕೆಟ್ಟನ್ನೇ ದೊಡ್ಡದು ಮಾಡಬಹುದಲ್ಲವೇ ಎಂದರೆ, ಬಹಳ ದೊಡ್ಡದಾದರೆ ಅದು ಚೈನ್ ಕವರಿನೊಳಗೆ ಕೂರದು. ಕವರನ್ನೇ ಬಿಚ್ಚಿ ಬಿಸಾಡಿದವರ ಚೈನು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಜೋತುಬೀಳುತ್ತದೆ. ಸ್ಪರ್ಧೆಯ ಗಾಡಿಗೆ ಈ ಕವರಿಲ್ಲವೆಂದು ವಾದಿಸುವ ತರುಣರು, ಸ್ಪರ್ಧಿಯು ಇಳಿದೊಡನೆ ಚೈನನ್ನು ತೊಳೆದು ಎಣ್ಣೆಹಾಕುತ್ತಾನೆಂಬುದನ್ನು ಮರೆಯುತ್ತಾರೆ.

ಉಳಿದುವುಗಳ ವಿಷಯದಲ್ಲಿ ನನ್ನ ಮೆಚ್ಚುಗೆ ಬೇಗನೆ ಬತ್ತುತ್ತದೆ. ಸ್ಪ್ಲೆಂಡರಿನ ಕಿರಿದಾದ ರಿಮ್ಮಿಗೆ ದಪ್ಪ ಟೈರನ್ನು ತುರುಕಿದರೆ ಅದರ ಮಗ್ಗುಲುಗಳು ಒಳಕ್ಕೆ ಒತ್ತಿಕೊಂಡು ಮೈ ಗುಂಡಗಾಗಿ, ದೊರೆಯಬೇಕಾದ ಹಿಡಿತವೇ ತಪ್ಪುತ್ತದೆ. ಗಾಳಿ ಇಳಿಸುವ ಉಪಾಯವೂ ಅಪಾಯಕಾರಿಯೇ. ಟ್ರಯಲ್ಸ್ ಗಾಡಿಯ ಹಿಂದಿನ ಟೈರಿನಲ್ಲಿ ಐದಾರು ಪೌಂಡಿಗಿಂತ ಹೆಚ್ಚು ಗಾಳಿಯಿರುವುದಿಲ್ಲ, ದಿಟ. ಆದರೆ ಆ ಗಾಡಿ ಹೊರುವುದು ನಿಂತ ಸವಾರನೊಬ್ಬನನ್ನು ಮಾತ್ರ. ಮೂಟೆ ಹೊತ್ತ ಟ್ಯೂಬಿನ ಟೈರಿನಲ್ಲಿ ಗಾಳಿ ಇಳಿಸಿದರೆ ಟೈರು ರಿಮ್ಮಿನ ಮೇಲೆ ಜಾರಿ, ಟ್ಯೂಬನ್ನೂ ಎಳೆದುಕೊಂಡು, ವಾಲ್ವನ್ನೇ ಕಿತ್ತುಹಾಕುವುದು. ಏರ್ ಫಿಲ್ಟರನ್ನು ತೆಗೆದು ಪಿಕಪ್ಪು ಹೆಚ್ಚಿತೆಂದು ಹಿಗ್ಗುವವರಿದ್ದಾರೆ. ಕರಿಕಲ್ಲಿನ ಕ್ವಾರಿಗಳ ಧೂಳು ಹಾರುವ ಚಾಮರಾಜನಗರದ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಅವಿವೇಕವನ್ನು ನಾನು ಕಾಣೆ. ಆ ಪುಡಿ ಒಳಹೊಕ್ಕು ರಿಂಗುಗಳನ್ನು ಉಜ್ಜಿ, ಗಾಡಿ ಹೊಗೆಯುಗುಳತೊಡಗಿದಾಗ ಬೋರು ಮಾಡಿಸುವ ಖರ್ಚು ಅವರ ತಲೆಯ ಮೇಲೇ ಬರುತ್ತದೆ.

ಸೈಲೆನ್ಸರಿನ ಒಳಗನ್ನು ಕಿತ್ತು ಸದ್ದು ಹೆಚ್ಚಿಸುವ ಚಟವನ್ನು ಮಾತ್ರ ಸ್ವಲ್ಪ ವಿಸ್ತರಿಸಿ ಖಂಡಿಸಬೇಕಾಗಿದೆ. ಕಾರ್ಬೊರೇಟರನ್ನು ತಕ್ಕಂತೆ ಹೊಂದಿಸದೆ ಹೊಗೆಯ ದಾರಿಯನ್ನಷ್ಟೇ ತೆರೆದರೆ ಮಿಶ್ರಣ ತೆಳುವಾಗಿ ಇಂಜಿನ್ ಕಾಯುತ್ತದೆ, ಗುಡ್ಡಕ್ಕೆ ಬೇಕಾದ ಕೆಳಗಿನ ಎಳೆತವೇ ಕುಂದುತ್ತದೆ. ಈ ಚಟಕ್ಕೆ ಮೂಲವೆಲ್ಲಿಯದೆಂದು ಯೋಚಿಸಿದಾಗ ನನಗೆ ತೋರುವುದು ಇದು: 1960ರಿಂದ 1996ರ ವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಹೊರತಂದ ಜಾವಾ, ಯೆಜ್ಡಿಗಳು ಎರಡು ಸ್ಟ್ರೋಕಿನ ಗಾಡಿಗಳಾಗಿದ್ದವು, 1997ರ ತನಕ ಮೈಸೂರು ಜಿಲ್ಲೆಗೇ ಸೇರಿದ್ದ ಈ ಸೀಮೆಯ ಹಿರಿಯ ಮೆಕ್ಯಾನಿಕ್ಕುಗಳ ಕೈ ಪಳಗಿದುದು ಅವುಗಳ ಮೇಲೆ. ಎರಡು ಸ್ಟ್ರೋಕಿನಲ್ಲಿ ಪೋರ್ಟನ್ನು ಅರದಿಂದ ಉಜ್ಜಿ, ಹೊಗೆಕೊಳವೆಯನ್ನು ಬದಲಿಸಿ, ನಿಜವಾಗಿಯೂ ಬಲವನ್ನು ಪಡೆಯಬಹುದು. ಆ ವಿದ್ಯೆಯನ್ನು ವಾಲ್ವಿನ ಇಂಜಿನ್ನಿಗೆ ಹಾಗೆಯೇ ಅನ್ವಯಿಸಿದುದು ತಪ್ಪಾಯಿತು. ಅದಿರಲಿ, 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರ ತನಕ ಬಂಡೀಪುರದ ರಸ್ತೆಯಲ್ಲಿ ವಾಹನಗಳನ್ನೇ ತಡೆದಿರುವ ಊರು ಗುಂಡ್ಲುಪೇಟೆ. ಆನೆ ದಾಟುವ ಜಾಡಿನ ಪಕ್ಕದಲ್ಲಿ ಗುಡುಗುವ ಗಾಡಿಯನ್ನು ಸಾಹಸವೆಂದು ಯಾರು ಕರೆದಾರು? ಕಾನೂನಿಗೂ ಇದು ಒಪ್ಪಿತವಲ್ಲ: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕನ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು ನಿಷೇಧಿಸಿದೆ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ.

ಇಷ್ಟೆಲ್ಲ ತೊಂದರೆಯೇಕೆ, ಕಾರ್ಖಾನೆಯಿಂದಲೇ ಗುಡ್ಡಕ್ಕೆಂದು ಬಂದ ಗಾಡಿಯನ್ನು ಕೊಳ್ಳಬಾರದೇ ಎಂಬ ಪ್ರಶ್ನೆಯುಂಟು. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ ಒಳ್ಳೆಯ ಯಂತ್ರವೇ. ನೆಲದಿಂದ 220 ಮಿಲಿಮೀಟರ್ ಎತ್ತರ, ಉದ್ದನೆಯ ಶಾಕ್ ಅಬ್ಸಾರ್ಬರುಗಳು. ಆದರೆ ಅದರ ತೂಕ 150 ಕಿಲೋಗ್ರಾಮನ್ನು ಮೀರಿದ್ದು, ಹಳ್ಳಕ್ಕೆ ಬಿದ್ದರೆ ಒಬ್ಬನೇ ಎತ್ತಿ ನಿಲ್ಲಿಸಬಲ್ಲ ಗಾಡಿಯ ಅನುಕೂಲ ಅದಕ್ಕಿಲ್ಲ.

ಇನ್ನು ಕಾಯುವ ಕಸುಬು. ಮಾರ್ಪಾಟಿಗಿಂತ ಇದು ಮೇಲೆಂದೇ ನನ್ನ ಅಭಿಪ್ರಾಯ, ಏಕೆಂದರೆ ಮೊದಲ ಗೇರಿನಲ್ಲಿ ತೆವಳುವ ಗಾಡಿಗೆ ಎದುರುಗಾಳಿಯ ತಂಪು ದೊರೆಯದೆ, ಇಂಜಿನ್ನಿಗೂ ಗೇರಿಗೂ ಕ್ಲಚ್ಚಿಗೂ ಸಾಮಾನ್ಯವಾದ ಒಂದು ಲೀಟರಿನೊಳಗಿನ ಎಣ್ಣೆಯೇ ಆ ಕಾವನ್ನೆಲ್ಲ ಹೊರಬೇಕು. ಎಣ್ಣೆ ಬದಲಿಸುವವರಿದ್ದಾರೆ, ಬಲಗಡೆಯ ಕವರನ್ನು ಬಿಚ್ಚಿ, ತಿರುಗುವ ಫಿಲ್ಟರಿನ ಗೋಡೆಗೆ ಹಿಡಿದ ಕಪ್ಪು ಗಸಿಯನ್ನು ಕೆರೆದು ತೆಗೆಯುವವರು ಅಪೂರ್ವ. ಅದಕ್ಕಿಂತ ಸೂಕ್ಷ್ಮವಾದುದು ಟ್ಯಾಪೆಟ್ಟಿನ ಕೆಲಸ. ಇಂಜಿನ್ ಪೂರ್ತಿ ತಣಿದಿರಬೇಕು. ಎಡಗಡೆಯ ಕವರಿನ ಎರಡು ಬಿರಟೆಗಳನ್ನು ತೆಗೆದು, ಕೆಳಗಿನ ರಂಧ್ರದಿಂದ ಇಂಜಿನ್ನನ್ನು ತಿರುಗಿಸುತ್ತ, ಮೇಲಿನ ಕಿಂಡಿಯಲ್ಲಿ ಮ್ಯಾಗ್ನೆಟ್ಟಿನ ಮೇಲಿನ ಟಿ ಗುರುತು ಎದುರಿಗೆ ನಿಲ್ಲುವಂತೆ ಮಾಡಿ, ವಾಲ್ವುಗಳೆರಡೂ ಸಡಿಲವಾಗಿರುವುದನ್ನು ಬೆರಳಿನಿಂದ ಕುಲುಕಿ ತಿಳಿಯಬೇಕು. ಆಮೇಲೆ ಫೀಲರ್ ಗೇಜಿನ ಎಲೆ, ಮಿಲಿಮೀಟರಿನ ನೂರರಲ್ಲಿ ಕೆಲವೇ ಅಂಶಗಳಷ್ಟು ತೆಳುವಾದದ್ದು, ಸಂದಿನಲ್ಲಿ ಸ್ವಲ್ಪ ಎಳೆದಂತೆ ಜಾರಿದರೆ ಸರಿ. ಸಿಲಿಂಡರು ಮಲಗಿರುವುದರಿಂದ ಇನ್‌ಲೆಟ್ಟಿನ ಮುಚ್ಚಳ ಮೇಲಕ್ಕಿದೆ, ಕೈಗೆ ಸುಲಭ. ಎಕ್ಸಾಸ್ಟಿನದು ತಳದಲ್ಲಿದೆ, ತೆರೆದೊಡನೆ ಮುಂಗೈ ಮೇಲೆ ಎಣ್ಣೆ ಸುರಿಯುತ್ತದೆ. ಆದಕಾರಣ ಆತುರದ ಕೈ ಮೇಲಿನದನ್ನು ಸರಿಪಡಿಸಿ ಕೆಳಗಿನದನ್ನು ಹಾಗೆಯೇ ಬಿಡುವುದುಂಟು. ಹೆಚ್ಚು ಕಾದು ಬೇಗ ಸುಡುವುದು ಆ ಕೆಳಗಿನದೇ. ಟಕಟಕ ಸದ್ದೆಂದು ಗಿರಾಕಿ ದೂರಿದಾಗ ಅದನ್ನು ಅಡಗಿಸಲು ಟ್ಯಾಪೆಟ್ಟನ್ನು ಬಿಗಿಮಾಡುವ ವಾಡಿಕೆ ಇನ್ನೂ ಕೆಟ್ಟದ್ದು. ಬಿಗಿಯಾದ ವಾಲ್ವು ಪೀಠದಲ್ಲಿ ಕೂರುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ಬಿಸಿಲಿನಲ್ಲಿ ಏರು ಹತ್ತಿ ನಿಂತ ಗಾಡಿ ಮತ್ತೆ ಒದ್ದರೂ ಸ್ಟಾರ್ಟಾಗುವುದಿಲ್ಲ. ಆಗ ಸಿಕ್ಕ ಶಾಪವೆಲ್ಲ ಪ್ಲಗ್ಗಿಗೆ.

ಇದರ ದೋಷವನ್ನು ಮೆಕ್ಯಾನಿಕ್ಕನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಹೊಸ ಹ್ಯಾಂಡಲ್ಲು, ಅಗಲವಾದ ಟೈರು ಕಣ್ಣಿಗೆ ಕಾಣುತ್ತವೆ, ಅವುಗಳಿಗೆ ಬೆಲೆಯನ್ನು ಚೌಕಾಸಿ ಮಾಡಿಯಾದರೂ ಕೊಡುತ್ತಾರೆ. ಅರ್ಧ ಗಂಟೆ ಬಾಗಿ ಕುಳಿತು ಸಂದನ್ನು ಅಳೆದುದಕ್ಕೆ ಕೂಲಿ ಕೇಳಿದರೆ "ಯಾವ ಸಾಮಾನು ಹಾಕ್ದೆ ಅಂತ ದುಡ್ಡು ಕೇಳ್ತಿಯಪ್ಪ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದ್ದರಿಂದ ಬಲ್ಲ ಮೆಕ್ಯಾನಿಕ್ಕು ಆ ಕೂಲಿಯನ್ನು ಆಯಿಲ್ ಡಬ್ಬಿಯ ಬೆಲೆಯೊಳಗೆ ಅಡಗಿಸಿಬಿಡುತ್ತಾನೆ. ಡಬ್ಬಿಯನ್ನು ತಾವೇ ಅಂಗಡಿಯಿಂದ ತಂದವರ ಗಾಡಿಯ ಟ್ಯಾಪೆಟ್ ಮುಚ್ಚಳವನ್ನು ಅವನು ತೆರೆಯುವುದೇ ಇಲ್ಲ.