‘ಅಯ್ಯೋ ಪಾಪ’ ಎನ್ನದೆ ‘ಊರು ಕೇರಿ’ ಓದುವ ಬಗೆ

ಒಂದು ಹೊಲ. ಎತ್ತುಗಳಿಲ್ಲ. ಇಬ್ಬರು ಗಂಡಸರು ಹೆಗಲ ಮೇಲೆ ನೊಗ ಹೊತ್ತು ಎಳೆಯುತ್ತಿದ್ದಾರೆ, ಮೂರನೆಯವನು ಹಿಂದೆ ನೇಗಿಲು ಹಿಡಿದು ಉಳುತ್ತಿದ್ದಾನೆ. ನೋಡುತ್ತಿರುವ ಹುಡುಗನಿಗೆ ಮೊದಲು ಅದೊಂದು ಮೋಜು. ಆಮೇಲೆ ಗುರುತು ಸಿಗುತ್ತದೆ: ನೊಗ ಹೊತ್ತವರಲ್ಲಿ ಒಬ್ಬರು ಅವನ ಅಪ್ಪ. ಸಿದ್ಧಲಿಂಗಯ್ಯನವರ ಆತ್ಮಕಥನ ‘ಊರು ಕೇರಿ’ ಶುರುವಾಗುವುದು ಹೀಗೆ.

ಆ ಹೊಲ ನಮಗೆ ದೂರದ್ದಲ್ಲ. 1954ರಲ್ಲಿ ಸಿದ್ಧಲಿಂಗಯ್ಯ ಹುಟ್ಟಿದ ಮಂಚನಬೆಲೆಯೂ ಕುದೂರಿನಂತೆ ಮಾಗಡಿ ತಾಲ್ಲೂಕಿನದೇ. ಭೈರವನದುರ್ಗದ ಬಳಿಯ ನಮ್ಮ ಕುದೂರು ಮಾಗಡಿಯಿಂದ ಉತ್ತರಕ್ಕಿದ್ದರೆ, ಸಾವನದುರ್ಗದ ಆಚೆ ಅರ್ಕಾವತಿ ಹರಿಯುವ ಕಡೆ ಮಂಚನಬೆಲೆ. ಅಣೆಕಟ್ಟು ನೋಡಲೆಂದು ಭಾನುವಾರ ಬೈಕಿನಲ್ಲಿ ಅಲ್ಲಿಗೆ ಹೋಗಿಬರುವ ನಮ್ಮ ಹುಡುಗರಲ್ಲಿ, ಆ ಊರಿನ ಮಗು ಬರೆದ ಪುಸ್ತಕವನ್ನು ಕೈಗೆತ್ತಿಕೊಂಡವರು ಕಡಿಮೆ. ಪುಸ್ತಕಕ್ಕೆ ಹೊಸಬರಾದ ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮಗುವಿನ ಕಣ್ಣಿನಿಂದ ಲೋಕವನ್ನು ತೋರಿಸುತ್ತ, ಆ ಮಗು ಬೆಳೆದು ದೊಡ್ಡದಾಗುವುದನ್ನು ಹೇಳುವ ಕಥನಗಳು ಎಲ್ಲ ಭಾಷೆಗಳಲ್ಲೂ ಇವೆ. ಕೆಲವು ಕಾದಂಬರಿಗಳು, ಕೆಲವು ಆತ್ಮಕಥೆಗಳು. ಎರಡನ್ನೂ ಸವಿಯುವ ದಾರಿ ಬಹುಪಾಲು ಒಂದೇ, ಏಕೆಂದರೆ ಎರಡರಲ್ಲೂ ಇಬ್ಬರು ಇದ್ದಾರೆ. ನೋಡುವುದು ಮಗು, ಬರೆಯುವುದು ದೊಡ್ಡವರು. ಮಗು ಕಂಡಿದ್ದಕ್ಕೂ ಅದಕ್ಕೆ ಅರ್ಥವಾಗಿದ್ದಕ್ಕೂ ನಡುವೆ ಒಂದು ತೆರಪು ಉಳಿದಿರುತ್ತದೆ. ಒಳ್ಳೆಯ ಲೇಖಕರು ಅದನ್ನು ತುಂಬಲು ಹೋಗುವುದಿಲ್ಲ, ನಮಗೆ ಬಿಡುತ್ತಾರೆ. ನೊಗದ ಪುಟವನ್ನೇ ನೋಡಿ. ಹುಡುಗನಿಗಾದ ಸಂಕಟವನ್ನು ಹೇಳಿದ್ದಾರೆ, ಅಷ್ಟೆ. ಜಾತಿ ಪದ್ಧತಿಯ ಮೇಲೆ ಭಾಷಣವಿಲ್ಲ, ಹೊಲದ ಒಡೆಯನ ಮೇಲೆ ಬೈಗುಳವಿಲ್ಲ. ಮೊದಲ ಸಲ ಓದುವವರು ಮೋಜಿನ ಸಾಲನ್ನು ದಾಟಿ ಸಂಕಟದ ಸಾಲಿಗೆ ಓಡುತ್ತಾರೆ, ಅಲ್ಲಿ ಕಣ್ಣು ಒದ್ದೆ ಮಾಡಿಕೊಂಡು ಪುಟ ತಿರುಗಿಸುತ್ತಾರೆ. ಹಾಗೆ ಮಾಡಬೇಡಿ. ಎರಡು ಸಾಲುಗಳ ನಡುವೆ ನಿಲ್ಲಿ. ಆ ಕ್ಷಣದವರೆಗೆ ಹುಡುಗನ ಜೊತೆ ನಾವೂ ಬದುವಿನ ಮೇಲೆ ನಿಂತು ಮೋಜು ನೋಡುತ್ತಿದ್ದೆವಲ್ಲ? ನೊಗ ಹೊತ್ತವನು ನಮ್ಮ ಅಪ್ಪನಲ್ಲದಿದ್ದರೆ ನೋಡುತ್ತಲೇ ಇರುತ್ತಿದ್ದೆವಲ್ಲ? ಪುಸ್ತಕ ನಮ್ಮನ್ನು ಹಿಡಿಯುವುದು ಅಲ್ಲಿ. ಪರರ ನೋವು ತನ್ನದಾಗುವುದು ಎಂದರೇನು ಎಂಬುದನ್ನು ಇಷ್ಟು ಸಣ್ಣ ಜಾಗದಲ್ಲಿ ತೋರಿಸಿದ ಬರವಣಿಗೆ ಕನ್ನಡದಲ್ಲಿ ಹೆಚ್ಚಿಲ್ಲ.

ಈ ಪುಟವನ್ನು ದಾಟಿದ ಮೇಲೆ ಹೊಸ ಓದುಗರು ತಬ್ಬಿಬ್ಬಾಗುತ್ತಾರೆ. ಪುಸ್ತಕದ ತುಂಬ ಗೋಳೇ ಇರುತ್ತದೆ ಎಂದು ಎದೆ ಗಟ್ಟಿ ಮಾಡಿಕೊಂಡು ಕೂತರೆ, ಬರುವುದು ನಗು. ಮೈಮೇಲೆ ಬರುವ ದೇವರು, ದೆವ್ವಗಳ ಭಯ, ಹಾಸ್ಟೆಲಿನ ಹುಡುಗರ ಕಿತಾಪತಿ, ಬೆಂಗಳೂರಿನ ಶ್ರೀರಾಮಪುರದ ಗಲ್ಲಿಗಳ ತರಹೇವಾರಿ ಜನ, ಓದಿಕೊಳ್ಳಲು ಸ್ಮಶಾನದಲ್ಲಿ ಕೂರುವ ಹುಡುಗ. ಹಸಿವಿನ ಪ್ರಸಂಗವೂ ನಗಿಸುತ್ತದೆ. ನೋವಿನ ಕಥೆಯಲ್ಲಿ ನಗಬಹುದೇ ಎಂದು ಕೆಲವರಿಗೆ ಮುಜುಗರ. ಧಾರಾಳವಾಗಿ ನಗಿ. ಬಡವರ ನಗುವಿಗೆ ಇರುವ ಈ ಶಕ್ತಿಯನ್ನು ಮೊದಲು ಗುರುತಿಸಿ ಬರೆದವರಲ್ಲಿ ವಿಮರ್ಶಕ ಡಿ.ಆರ್. ನಾಗರಾಜ್ ಒಬ್ಬರು. ನನ್ನ ಮಾತಿನಲ್ಲಿ ಹೇಳುವುದಾದರೆ, ನಗುವವನನ್ನು ಕರುಣೆಯಿಂದ ನೋಡಲಾಗುವುದಿಲ್ಲ. ಅವನನ್ನು ಸರಿಸಮನಾಗಿ ನೋಡಲೇಬೇಕಾಗುತ್ತದೆ.

ಅದಕ್ಕೇ ‘ಅಯ್ಯೋ ಪಾಪ’ವನ್ನು ಪಕ್ಕಕ್ಕಿಡಿ ಎನ್ನುವುದು. ಅಯ್ಯೋ ಪಾಪ ಎನ್ನುವವರು ಕಟ್ಟೆಯ ಮೇಲೆ ಕೂತೇ ಇರುತ್ತಾರೆ, ಕೆಳಗಿಳಿಯುವುದಿಲ್ಲ. ದಲಿತರ ಬಾಲ್ಯದ ಕಥನಗಳನ್ನು ಓದುವಾಗ ಊರಿನ ಕಡೆಯ ಓದುಗರು ಬೀಳುವ ಮೊದಲ ಗುಂಡಿ ಇದೇ. ಅನುಕಂಪ ತೋರಿಸಿಬಿಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ‘ಊರು ಕೇರಿ’ ನಮ್ಮ ಅನುಕಂಪವನ್ನು ಕೇಳುವುದೇ ಇಲ್ಲ. ಜೊತೆಯಲ್ಲಿ ಕೂತು ನಗಲು ಕರೆಯುತ್ತದೆ, ಆ ನಗುವಿನ ನಡುವೆ ಥಟ್ಟನೆ ನಮ್ಮ ಊರನ್ನು, ನಮ್ಮ ಮನೆಯ ಹಿತ್ತಲನ್ನು ಕೇರಿಯ ಕಡೆಯಿಂದ ತೋರಿಸಿಬಿಡುತ್ತದೆ.

ಯಾವ ಕಡೆಯಿಂದ ನೋಡುತ್ತಿದ್ದೇವೆ ಎಂಬುದು ಇಂಥ ಕಥನಗಳಲ್ಲಿ ಎಷ್ಟು ದೊಡ್ಡ ಮಾತು ಎಂದು ತಿಳಿಯಲು, ಜಗತ್ತಿನಾದ್ಯಂತ ಶಾಲಾ ಮಕ್ಕಳು ಓದುವ ಒಂದು ಕಾದಂಬರಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಹಾರ್ಪರ್ ಲೀ ಬರೆದು 1960ರಲ್ಲಿ ಪ್ರಕಟವಾದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’. ಅಮೆರಿಕದ ಅಲಬಾಮಾ ರಾಜ್ಯದ ಪುಟ್ಟ ಊರು, 1930ರ ದಶಕ. ಸ್ಕೌಟ್ ಎಂಬ ಹುಡುಗಿಯ ಅಪ್ಪ ಅಟಿಕಸ್ ಫಿಂಚ್ ವಕೀಲ. ಬಿಳಿಯ ಹೆಂಗಸಿನ ಮೇಲೆ ಅತ್ಯಾಚಾರ ಮಾಡಿದನೆಂಬ ಸುಳ್ಳು ಆರೋಪ ಹೊತ್ತ ಕಪ್ಪು ಮನುಷ್ಯ ಟಾಮ್ ರಾಬಿನ್‌ಸನ್ ಪರವಾಗಿ, ಸೋಲುತ್ತೇನೆಂದು ಗೊತ್ತಿದ್ದೂ ಅವನು ವಾದಿಸುತ್ತಾನೆ.

ಈ ಕಾದಂಬರಿಯಲ್ಲಿ ಧೈರ್ಯವೆಂದರೆ ಏನು ಎಂದು ಕೇಳಿದರೆ ಎಲ್ಲರೂ ವಕೀಲನತ್ತ ಬೆರಳು ತೋರಿಸುತ್ತಾರೆ. ನಾನು ತೋರಿಸುವುದು ಜೈಲಿನ ಬಾಗಿಲಿನ ರಾತ್ರಿಯನ್ನು. ಟಾಮ್‌ನನ್ನು ಎಳೆದು ಕೊಲ್ಲಲು ಗುಂಪು ಬಂದಿದೆ, ಅಟಿಕಸ್ ಒಬ್ಬನೇ ಬಾಗಿಲಲ್ಲಿ ಕೂತಿದ್ದಾನೆ. ಮಕ್ಕಳು ನಡುವೆ ನುಗ್ಗಿಬಿಡುತ್ತಾರೆ. ಸ್ಕೌಟ್ ಆ ಗುಂಪಿನಲ್ಲಿ ಒಬ್ಬ ಪರಿಚಿತನನ್ನು ಕಾಣುತ್ತಾಳೆ, ತನ್ನ ತರಗತಿಯ ಹುಡುಗ ವಾಲ್ಟರ್‌ನ ಅಪ್ಪ. ಅವನ ಹೆಸರು ಹಿಡಿದು ಮಾತನಾಡಿಸುತ್ತಾಳೆ, ಮಗನನ್ನು ವಿಚಾರಿಸುತ್ತಾಳೆ, ಅವನ ಜಮೀನಿನ ವ್ಯಾಜ್ಯದ ಸುದ್ದಿ ಎತ್ತುತ್ತಾಳೆ. ಗುಂಪಾಗಿ ಬಂದವನು ಹೆಸರು ಕೇಳಿದ ಕೂಡಲೇ ಒಬ್ಬ ಅಪ್ಪನಾಗುತ್ತಾನೆ, ನೆರೆಯವನಾಗುತ್ತಾನೆ. ಗುಂಪು ಕರಗುತ್ತದೆ. ತಾನೇನು ಮಾಡಿದೆ ಎಂಬುದು ಆ ಹುಡುಗಿಗೆ ಆಗ ಗೊತ್ತೇ ಇಲ್ಲ. ಮಗು ಕಾಣುವುದಕ್ಕೂ ತಿಳಿಯುವುದಕ್ಕೂ ನಡುವಿನ ತೆರಪು ಇಲ್ಲಿ ಒಂದು ಜೀವವನ್ನೇ ಉಳಿಸುತ್ತದೆ, ಆ ರಾತ್ರಿಯ ಮಟ್ಟಿಗಾದರೂ. ಮುಂದೆ ನ್ಯಾಯಾಲಯ ಟಾಮ್‌ನನ್ನು ಅಪರಾಧಿ ಎನ್ನುತ್ತದೆ. ಜೈಲಿನಿಂದ ತಪ್ಪಿಸಿಕೊಳ್ಳಲು ಹೋದ ಅವನು ಗುಂಡಿಗೆ ಬಲಿಯಾಗುತ್ತಾನೆ.

ಈಗ ಒಂದು ಪ್ರಶ್ನೆ ಕೇಳಿಕೊಳ್ಳಿ. ಟಾಮ್‌ಗೂ ಮಕ್ಕಳಿದ್ದಾರೆ. ಅವರ ಕಣ್ಣಿಗೆ ಆ ರಾತ್ರಿ ಹೇಗೆ ಕಂಡಿತು? ಕಾದಂಬರಿ ಹೇಳುವುದಿಲ್ಲ. ಮನೆಗೆಲಸದ ಕ್ಯಾಲ್ಪೂರ್ನಿಯಾ ಒಂದು ಭಾನುವಾರ ಮಕ್ಕಳನ್ನು ಕಪ್ಪು ಜನರ ಚರ್ಚಿಗೆ ಕರೆದೊಯ್ಯುತ್ತಾಳೆ. ಅಲ್ಲಿ ಅವಳ ಮಾತಿನ ಧಾಟಿಯೇ ಬೇರೆ ಎಂದು ಸ್ಕೌಟ್ ಮೊದಲ ಸಲ ಗಮನಿಸುತ್ತಾಳೆ. ನಮ್ಮ ಮನೆಯಲ್ಲಿ ದುಡಿಯುವವಳಿಗೆ ನಮಗೆ ಕಾಣದ ಇನ್ನೊಂದು ಬದುಕು ಇದೆ ಎಂಬ ಬೆರಗು ಅದು. ಬಾಗಿಲು ಅಷ್ಟು ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಊರಿನ ಮಗು ಕೇರಿಯತ್ತ ಇಣುಕಿದ ಕಥೆ ಅದು, ಪ್ರಾಮಾಣಿಕವಾದ ಕಥೆ, ಆದರೂ ಇಣುಕಿದ್ದೇ. ನಮ್ಮಲ್ಲಿ ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ಯ ಕರುಣೆ ದೊಡ್ಡದು, ಅದೂ ಆಚೆಯಿಂದ ಹರಿದುಬಂದ ಕರುಣೆ. ಕೇರಿಯ ಮಗುವೇ ಬಾಯಿ ತೆರೆದಾಗ ಕನ್ನಡದಲ್ಲಿ ಬೇರೆಯೇ ಕಥನ ಹುಟ್ಟಿತು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಮತ್ತು ‘ಊರು ಕೇರಿ’ ಎರಡೂ ತೊಂಬತ್ತರ ದಶಕದವು. ಮಾಲಗತ್ತಿಯವರಲ್ಲಿ ಸಿಟ್ಟು ನೇರವಾಗಿ ಬರುತ್ತದೆ, ಸಿದ್ಧಲಿಂಗಯ್ಯನವರಲ್ಲಿ ನಗುವಿನ ಬೆನ್ನೇರಿ ಬರುತ್ತದೆ. ಎರಡನ್ನೂ ಒಂದರ ಹಿಂದೊಂದು ಓದಿದರೆ ರುಚಿ ಹೆಚ್ಚುತ್ತದೆ.

ಪೂರ್ವಗ್ರಹವನ್ನು ಎಲ್ಲಿ ಹುಡುಕಬೇಕು? ಹೊಸ ಓದುಗರು ಅದನ್ನು ಖಳನಾಯಕನಲ್ಲಿ ಹುಡುಕುತ್ತಾರೆ. ಖಳರನ್ನು ಬಿಡಿ, ಒಳ್ಳೆಯವರನ್ನು ನೋಡಿ. ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಇದಕ್ಕೆ ಒಳ್ಳೆಯ ಪಾಠಶಾಲೆ. ವೇದ ಕಲಿಯಲು ಉಡುಪರ ಮನೆಗೆ ಬಂದ ಪುಟ್ಟ ನಾಣಿಗೆ ಆಸರೆಯಾಗುವವಳು ಅವರ ವಿಧವೆ ಮಗಳು ಯಮುನಕ್ಕ. ಅವಳು ಬಸುರಾದಾಗ ಅಗ್ರಹಾರ ಅವಳನ್ನು ಹೊರಹಾಕುತ್ತದೆ, ಬದುಕಿರುವಾಗಲೇ ಅವಳಿಗೆ ಶ್ರಾದ್ಧ ಮಾಡುತ್ತದೆ. ಹಾಗೆ ಮಾಡುವವರಲ್ಲಿ ರಾಕ್ಷಸರಿಲ್ಲ, ಮಡಿ, ಮಂತ್ರ, ಊಟ, ಮನೆವಾರ್ತೆಯ ಜನ. ನಾಣಿ ಅವಳ ಪಕ್ಕ ಇರಲು ಹೆಣಗುತ್ತಾನೆ, ಹೆದರುತ್ತಾನೆ, ಕೊನೆಗೆ ಅಪ್ಪನ ಜೊತೆ ಹೊರಟುಹೋಗಬೇಕಾಗುತ್ತದೆ. ಆ ಹೆಣಗಾಟವೇ ಅವನ ಧೈರ್ಯ. ಗೆಲ್ಲದ ಧೈರ್ಯವನ್ನೂ ಧೈರ್ಯವೆಂದು ಎಣಿಸಲು ಕಲಿತರೆ ಈ ಪ್ರಕಾರ ಅರ್ಧ ಕೈವಶವಾದಂತೆ. ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಮಾಡಿದ ಸಿನಿಮಾವನ್ನೂ ನೋಡಿ, ಆ ವರ್ಷದ ಸ್ವರ್ಣಕಮಲ ಅದಕ್ಕೆ ಬಂತು. ಕಥೆ ಮೊದಲು, ಸಿನಿಮಾ ಆಮೇಲೆ.

ಸಿದ್ಧಲಿಂಗಯ್ಯನವರ ಧೈರ್ಯ ಬೇರೆ ಬಗೆಯದು. ಅದು ಮಾತಿನದು. ನಾಚಿಕೆ, ಹಸಿವುಗಳ ನಡುವೆ ಬೆಳೆದ ಹುಡುಗ ಸಭೆಯಲ್ಲಿ ಎದ್ದು ಮಾತನಾಡುವ ಯುವಕನಾಗುವುದನ್ನು ಪುಟದಿಂದ ಪುಟಕ್ಕೆ ಹಿಂಬಾಲಿಸಿ. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ‘ಬೂಸಾ’ ಎಂದ ಸಚಿವ ಬಿ. ಬಸವಲಿಂಗಪ್ಪನವರ ಮಾತಿಗೆ ರಾಜ್ಯವೇ ಹೊತ್ತಿ ಉರಿದು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಆಗ ವಿದ್ಯಾರ್ಥಿಯಾಗಿದ್ದ ಸಿದ್ಧಲಿಂಗಯ್ಯ ಬಾಯಿ ಮುಚ್ಚಿಕೊಳ್ಳಲಿಲ್ಲ. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂತು. ಆ ಕವಿತೆಗಳ ಕಿಚ್ಚು ಬಲ್ಲವರಿಗೆ ಆತ್ಮಕಥೆಯ ತಿಳಿಹಾಸ್ಯ ಅಚ್ಚರಿ ಹುಟ್ಟಿಸುತ್ತದೆ. ಇಬ್ಬರೂ ಒಬ್ಬರೇ ಎಂದು ನಂಬಿ ಓದಿ, ಹಾಸ್ಯದ ಕೆಳಗೆ ಕಾವು ಕೈಗೆ ತಾಗುತ್ತದೆ. 2021ರ ಜೂನ್‌ನಲ್ಲಿ ಕೋವಿಡ್ ಅವರನ್ನು ಕೊಂಡೊಯ್ದಾಗ ನಮ್ಮ ತಾಲ್ಲೂಕು ತನ್ನ ಅತಿ ದೊಡ್ಡ ದನಿಯೊಂದನ್ನು ಕಳೆದುಕೊಂಡಿತು ಎಂದೇ ನನಗನಿಸಿತು, ಈಗಲೂ ಅನಿಸುತ್ತದೆ.

ಇನ್ನು ಓದುವ ಕ್ರಮ. ‘ಊರು ಕೇರಿ’ಯನ್ನು ಗಟ್ಟಿಯಾಗಿ ಓದಿ. ವಾಕ್ಯಗಳು ಗಿಡ್ಡ, ಮಾತು ನಮ್ಮದೇ ಸೀಮೆಯದು, ಕಣ್ಣಿಗಿಂತ ಕಿವಿಗೆ ಬೇಗ ಹತ್ತುತ್ತದೆ. ಶಾಲೆಯಲ್ಲಿ ಮಾಡಿಸಿದಂತೆ ಪ್ರತಿ ಪ್ರಸಂಗದ ಕೊನೆಗೆ ‘ಇದರ ನೀತಿ ಏನು’ ಎಂದು ಕೇಳಬೇಡಿ. ಬದಲಿಗೆ, ಇಲ್ಲಿ ನೋಡುತ್ತಿರುವವರು ಯಾರು, ಎಲ್ಲಿ ನಿಂತಿದ್ದಾರೆ, ಯಾರ ಮಾತು ಕೇಳಿಸುತ್ತಿಲ್ಲ ಎಂದು ಕೇಳಿ. ಇದು ಆತ್ಮಕಥೆಯಾದ್ದರಿಂದ ಇನ್ನೊಂದು ಎಚ್ಚರ ಬೇಕು: ಕಾದಂಬರಿಯ ಪಾತ್ರವನ್ನು ಎಳೆದಾಡಿದಂತೆ ಇಲ್ಲಿನ ಜನರನ್ನು ಎಳೆದಾಡಲಾಗದು, ಅವರು ಬದುಕಿದ್ದವರು, ಅವರ ಮಕ್ಕಳು ಮೊಮ್ಮಕ್ಕಳು ಇದೇ ತಾಲ್ಲೂಕಿನಲ್ಲಿದ್ದಾರು.

ನಾಲ್ಕು ಜನ ಸೇರಿ ಓದುವುದಾದರೆ, ಶಾಲೆಯಲ್ಲಾಗಲಿ, ಗ್ರಂಥಾಲಯದಲ್ಲಾಗಲಿ, ಊರಿನವರೂ ಕೇರಿಯವರೂ ಒಟ್ಟಿಗೆ ಕೂರುವಂತಾಗಲಿ. ನೊಗದ ಪ್ರಸಂಗ ಬಂದಾಗ ಎಲ್ಲರ ಕಣ್ಣೂ ಕೇರಿಯಿಂದ ಬಂದ ಹುಡುಗನ ಕಡೆಗೇ ಹೊರಳುತ್ತದೆ, ನಿಮ್ಮ ಮನೆಯಲ್ಲೂ ಹೀಗೇ ಇತ್ತಾ ಎಂಬ ಪ್ರಶ್ನೆ ಯಾರದೋ ನಾಲಿಗೆಯ ತುದಿಗೆ ಬಂದಿರುತ್ತದೆ. ಆ ಹುಡುಗ ಪುಸ್ತಕ ಓದಲು ಬಂದಿದ್ದಾನೆ, ಸಾಕ್ಷಿ ಹೇಳಲು ಬಂದಿಲ್ಲ. ಪ್ರಶ್ನೆ ಕೇಳಲೇಬೇಕೆನಿಸಿದರೆ ಊರಿನ ಮಕ್ಕಳು ತಮ್ಮ ತಮ್ಮ ಅಜ್ಜಂದಿರನ್ನು ಕೇಳಿಕೊಂಡು ಬರಲಿ: ನಮ್ಮ ಹೊಲವನ್ನು ಆಗ ಉಳುತ್ತಿದ್ದವರು ಯಾರು, ಅವರಿಗೆ ಕೂಲಿ ಎಷ್ಟು, ಊಟ ಎಲ್ಲಿ ಬಡಿಸುತ್ತಿದ್ದಿರಿ.