ಗುರುತಿನ ಚೀಟಿಯಲ್ಲಿ ಲಿಂಗದ ಕಲಂ: ಒಂದು ವಿಮರ್ಶೆ

ಎದುರಿಗೆ ನಿಂತಿರುವ ವ್ಯಕ್ತಿಯೇ ಚೀಟಿಯಲ್ಲಿ ಹೆಸರಿಸಲ್ಪಟ್ಟ ವ್ಯಕ್ತಿ ಎಂಬುದನ್ನು ತಿಳಿಸುವುದಷ್ಟೇ ಗುರುತಿನ ಚೀಟಿಯ ಕಾರ್ಯ. ಈ ಕಾರ್ಯಕ್ಕೆ ಹೆಣ್ಣು, ಗಂಡು ಎಂಬ ನಮೂದು ಎಷ್ಟರಮಟ್ಟಿಗೆ ಅವಶ್ಯವೆಂಬುದು ವಿಚಾರಣೀಯ. ಆಧಾರ್ ಮತ್ತು ಮತದಾರರ ಚೀಟಿಗಳಲ್ಲಿ ಈ ಕಲಂ ಇದೆ. ಪ್ಯಾನ್ ಕಾರ್ಡಿನ ಮೇಲೆ ಇಲ್ಲ. ಅರ್ಜಿಯಲ್ಲಿ ಮಾತ್ರ ಕೇಳಲಾಗುತ್ತದೆ. ಅದರಿಂದ ತೆರಿಗೆಯ ವ್ಯವಹಾರಕ್ಕೆ ಕುಂದೇನೂ ಬಂದಿಲ್ಲ. ಜರ್ಮನಿಯ ರಾಷ್ಟ್ರೀಯ ಗುರುತಿನ ಚೀಟಿಯಲ್ಲಿಯೂ ಲಿಂಗದ ನಮೂದಿಲ್ಲ.

ಕಾನೂನಿನ ನಿಲುವು ಏಕರೂಪವಾಗಿ ಸಾಗಿಬಂದಿಲ್ಲ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು, ತನ್ನ ಲಿಂಗವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕು ವ್ಯಕ್ತಿಗೆ ಉಂಟೆಂದೂ ಅದಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ಒತ್ತಾಯಿಸುವುದು ಕಾನೂನುಬಾಹಿರವೆಂದೂ ತೀರ್ಪಿತ್ತಿತು. ಆದರೆ 2019ರ ಕಾಯ್ದೆಯು ಜಿಲ್ಲಾ ದಂಡಾಧಿಕಾರಿಯಿಂದ ಪ್ರಮಾಣಪತ್ರ ಪಡೆಯಬೇಕೆಂದು ವಿಧಿಸಿತು. ಹೆಣ್ಣು ಅಥವಾ ಗಂಡು ಎಂದು ಬರೆಸಿಕೊಳ್ಳಬೇಕಾದರೆ ಶಸ್ತ್ರಚಿಕಿತ್ಸೆಯ ವೈದ್ಯಕೀಯ ದಾಖಲೆಯನ್ನೂ ಕೇಳಿತು. ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಹಿಂತೆಗೆದುಕೊಂಡಂತಾಯಿತು.

ದೇಹದ ಚಿಹ್ನೆ ಬೇರೆ, ಅಂತರಂಗದ ಭಾವ ಬೇರೆ ಎಂಬ ವಿವೇಕ ಜೈನ ಪರಂಪರೆಗೆ ಹೊಸದಲ್ಲ. ಚಾವುಂಡರಾಯನ ಕಾಲದ ಆಚಾರ್ಯ ನೇಮಿಚಂದ್ರರು ಗೊಮ್ಮಟಸಾರದಲ್ಲಿ ದ್ರವ್ಯವೇದ ಮತ್ತು ಭಾವವೇದಗಳನ್ನು ಬಿಡಿಸಿ ಹೇಳಿದ್ದಾರೆ. ಇವೆರಡೂ ಪ್ರಾಯಶಃ ಸಮಾನವಾಗಿರುತ್ತವೆ, ಕ್ವಚಿತ್ತಾಗಿ ಭಿನ್ನವಾಗಿರುತ್ತವೆ ಎಂಬುದು ಅಲ್ಲಿನ ಅಭಿಪ್ರಾಯ. ಅದು ಕರ್ಮಸಿದ್ಧಾಂತದ ವಿವೇಚನೆಯೇ ಹೊರತು ಇಂದಿನ ಕಾನೂನಿಗೆ ಸಮರ್ಥನೆಯಲ್ಲ. ಆದರೂ ಆ ಭಿನ್ನತೆಯನ್ನು ಬಲ್ಲ ಸಮಾಜವು ಅದನ್ನು ಹೊತ್ತು ಬಂದವರನ್ನು ಕಂಡು ನಗುವುದು ಸಲ್ಲದು.

ಕಲಮನ್ನೇ ಅಳಿಸಿದರೆ ದುರ್ಬಲರಿಗೆ ನಷ್ಟವೆಂಬ ಆಕ್ಷೇಪಣೆಯಲ್ಲಿ ತಿರುಳಿದೆ. 2011ರ ಜನಗಣತಿಯಲ್ಲಿ ಗಂಡು ಹೆಣ್ಣುಗಳಲ್ಲದೆ ‘ಇತರೆ’ ಎಂಬ ವರ್ಗವಿದ್ದುದರಿಂದಲೇ 4,87,803 ಮಂದಿ ಲೆಕ್ಕಕ್ಕೆ ಬಂದರು. 2021ರಲ್ಲಿ ಕರ್ನಾಟಕ ಸರ್ಕಾರವು ನೇಮಕಾತಿಯಲ್ಲಿ ಶೇಕಡಾ 1ರ ಮೀಸಲಾತಿ ಕೊಟ್ಟುದೂ ಇಂತಹ ದಾಖಲೆಯನ್ನೇ ಅವಲಂಬಿಸಿದೆ. ಆದರೆ ಕಡತದಲ್ಲಿರಬೇಕಾದುದೆಲ್ಲ ಚೀಟಿಯ ಮುಖದ ಮೇಲೂ ಇರಬೇಕೆಂದಿಲ್ಲ. ಸವಲತ್ತಿಗೆ ಬೇಕಾದ ವಿವರವನ್ನು ಇಲಾಖೆಯು ಗೋಪ್ಯವಾಗಿ ಇಟ್ಟುಕೊಳ್ಳಬಹುದು. ಪ್ರತಿಯೊಂದು ಕಿಟಕಿಯಲ್ಲಿಯೂ ಅದನ್ನು ಪ್ರದರ್ಶಿಸಬೇಕಾದ ಪ್ರಮೇಯವಿಲ್ಲ.

ಈ ಪ್ರಶ್ನೆ ಕ್ಷೇತ್ರಗಳ ಯಾತ್ರಿನಿವಾಸದ ಬಾಗಿಲಿಗೂ ಬರುತ್ತದೆ. ಕೊಠಡಿ ಕೇಳಿ ಬಂದವರ ರೂಪಕ್ಕೂ ಚೀಟಿಯ ಅಕ್ಷರಕ್ಕೂ ಹೊಂದಾಣಿಕೆ ಕಾಣದಾಗ, ಸಾಲಿನಲ್ಲಿ ನಿಂತ ನಾಲ್ಕು ಜನರ ಎದುರು ಗುಮಾಸ್ತನು ಕೇಳುವ ಒಂದು ಪ್ರಶ್ನೆಯೇ ಹಿಂಸೆಯಾಗುತ್ತದೆ. ಸ್ತ್ರೀಯರಿಗೆಂದೇ ಮೀಸಲಾದ ಸಾಮೂಹಿಕ ವಸತಿಯಲ್ಲಿ ವಿಚಾರಿಸುವುದು ಅನಿವಾರ್ಯವಾಗಬಹುದು. ಅಲ್ಲಿ ಏಕಾಂತದಲ್ಲಿ, ಮೃದುವಾಗಿ ಕೇಳಬಹುದು. ಪ್ರತ್ಯೇಕ ಕೊಠಡಿಗೆ ಹೆಸರು, ವಿಳಾಸ, ಭಾವಚಿತ್ರಗಳು ಸಾಕು. ಅವಶ್ಯಕತೆಗೆ ಮೀರಿ ವಸ್ತುವನ್ನು ಕೂಡಿಡುವುದು ಪರಿಗ್ರಹವಾದರೆ, ಅವಶ್ಯಕತೆಗೆ ಮೀರಿ ಪರರ ವಿವರವನ್ನು ಕೂಡಿಡುವುದೂ ಪರಿಗ್ರಹವೇ. ವ್ಯವಸ್ಥಾಪಕ ಮಂಡಳಿಗಳು ತಮ್ಮ ನೋಂದಣಿ ಪುಸ್ತಕದ ಕಲಂಗಳನ್ನು ಈ ದೃಷ್ಟಿಯಿಂದ ಒಮ್ಮೆ ಪರಿಶೀಲಿಸುವುದು ಉಚಿತ.